ಗಂಗಕ್ಕನ ಬಳುವಳಿ ಕುರಿಗಳು

ಕುರಿಗೆ ಕಾಯಿಲೆ ಬಂದರೆ ನಾವು ಊರಿಗೆಲ್ಲ ಹೇಳುತ್ತೇವೆ. ಯಾವ ಸೊಪ್ಪು ಹಾಕಬೇಕು, ಯಾವ ಡಾಕ್ಟರನ್ನು ಕರೆಸಬೇಕು ಎಂದು ಬಾವಿಯ ಹತ್ತಿರ, ಬಸ್ಸಿನಲ್ಲಿ, ಸಂತೆಯಲ್ಲಿ ಸಿಕ್ಕಿದವರನ್ನೆಲ್ಲ ಕೇಳುತ್ತೇವೆ. ಅದೇ ಯಾರಾದರೂ ನಮಗೆ ಟೋಪಿ ಹಾಕಿ ಹೋದರೆ ಬಾಯಿಗೆ ಬೀಗ ಬೀಳುತ್ತದೆ. ಕದ್ದವನು ಎದೆ ಸೆಟೆಸಿ ತಿರುಗುತ್ತಾನೆ, ಕಳೆದುಕೊಂಡವನು ತಲೆ ತಗ್ಗಿಸಿ ಕೂರುತ್ತಾನೆ. ಇದೆಂಥ ನ್ಯಾಯವೋ ನನಗಂತೂ ಅರ್ಥವಾಗಿಲ್ಲ. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ ಹತ್ತಿರ ಒಂದು ಹಟ್ಟಿ. ಅಲ್ಲಿ ಕಾಟಲಿಂಗಪ್ಪ ಎಂಬುವನು ಹೀಗೇ ತಲೆ ತಗ್ಗಿಸಿ ಕೂತ ಕಥೆ ಇದು. ಆಮೇಲೆ ತಲೆ ಎತ್ತಿದ ಕಥೆಯೂ ಹೌದು.

ಕಾಟಲಿಂಗಪ್ಪ ಸಾಮಾನ್ಯ ಆಸಾಮಿಯಲ್ಲ. ಕುರಿಯ ಬಾಯಿ ಬಿಡಿಸಿ ಹಲ್ಲು ನೋಡಿದನೆಂದರೆ ಅದರ ವಯಸ್ಸು, ಎಷ್ಟು ಸಲ ಮರಿ ಹಾಕಿದೆ, ಮುಂದೆ ಹಾಕುತ್ತದೋ ಇಲ್ಲವೋ ಎಲ್ಲ ಹೇಳುತ್ತಿದ್ದ. ಸಂತೆಯಲ್ಲಿ ಕುರಿ ಕೊಳ್ಳುವವರು “ಕಾಟಲಿಂಗಪ್ಪ ನೋಡಿದ್ನಾ?” ಎಂದು ಕೇಳಿಯೇ ಮುಂದಿನ ಮಾತು ಆಡುತ್ತಿದ್ದರು. ಅವನಿಗೂ ಅದು ಗೊತ್ತಿತ್ತು. ಸ್ವಲ್ಪ ಜಾಸ್ತಿಯೇ ಗೊತ್ತಿತ್ತು ಅನ್ನಿ.

ಅಂಥವನ ಹಟ್ಟಿಗೆ ಒಂದು ಬೆಳಗ್ಗೆ ಒಬ್ಬ ಅಪರಿಚಿತ ಬಂದ. ಖಾಕಿ ಪ್ಯಾಂಟು, ಬಿಳಿ ಅಂಗಿ, ಹೆಗಲಿಗೆ ಚರ್ಮದ ಚೀಲ. ಆ ಹಟ್ಟಿಯೊಳಗೆ ಯಾರೂ ಚಪ್ಪಲಿ ಮೆಟ್ಟಿ ಓಡಾಡುವುದಿಲ್ಲ. ಅದು ಹಿರಿಯರ ಕಾಲದಿಂದ ಬಂದ ಕಟ್ಟಳೆ. ಪಟ್ಟಣದಿಂದ ಬಂದ ಎಷ್ಟೋ ಜನ ಇದು ತಿಳಿಯದೆ ಬೈಸಿಕೊಂಡಿದ್ದಾರೆ. ಇವನು ಮಾತ್ರ ಯಾರೂ ಹೇಳುವ ಮೊದಲೇ ಮುಳ್ಳುಬೇಲಿಯ ಹೊರಗೆ ಚಪ್ಪಲಿ ಬಿಟ್ಟ, ಗುಡಿಯ ಕಡೆ ತಿರುಗಿ ಕೈ ಮುಗಿದ, ಆಮೇಲೆ ಒಳಗೆ ಕಾಲಿಟ್ಟ. ಅಷ್ಟಕ್ಕೇ ಕಾಟಲಿಂಗಪ್ಪನ ಮನಸ್ಸು ಕರಗಿತು. ನಮ್ಮ ದೇವರಿಗೆ ಕೈ ಮುಗಿದವನು ನಮ್ಮವನೇ ಎಂದುಕೊಂಡ.

“ಬರ್ರಿ ಸ್ವಾಮಿ, ಕುಂತ್ಕಳ್ರಿ. ಯಾವ ಕಡೆಯೋರು?”

“ಸರ್ಕಾರದ ಕುರಿ ಕ್ಯಾಂಪಿನೋನು ಕಣಣ್ಣ. ಇಪ್ಪತ್ತಂಶದ ಕಾರ್ಯಕ್ರಮ ಅಂತ ರೇಡಿಯೋದಾಗೆ ಕೇಳಿಲ್ವಾ? ಈ ಸಲ ಕರುಳುಬೇನೆ ಜೋರೈತೆ. ಗಬ್ಬದ ಕುರಿಗೆ ತಗುಲಿದ್ರೆ ತಾಯೀನೂ ಉಳಿಯಲ್ಲ, ಮರೀನೂ ಉಳಿಯಲ್ಲ. ಅದ್ಕೆ ಹಿರಿಯೂರಾಗೆ ಕ್ಯಾಂಪು ಹಾಕೀವಿ. ಸೂಜಿ ಹಾಕಿ, ಮೇವು ಕೊಟ್ಟು, ಅಮಾಸೆ ಹೊತ್ತಿಗೆ ನಾವೇ ಲಾರಿಯಾಗೆ ತಂದು ಬಿಡ್ತೀವಿ.”

“ಎಷ್ಟಾಗ್ತೈತೆ?”

“ಒಂದು ಕಾಸೂ ಬ್ಯಾಡ. ನಾನು ದುಡ್ಡು ಮುಟ್ಟಿದ್ರೆ ನನ್ನ ಕೆಲಸ ಹೋಗ್ತೈತೆ.”

ದುಡ್ಡು ಕೇಳದವನ ಮೇಲೆ ಯಾರಿಗೆ ಅನುಮಾನ ಬಂದೀತು? ಇಬ್ಬರೂ ಕುರಿ ಕೂಡುವ ರೊಪ್ಪದ ಹತ್ತಿರ ಹೋದರು. ಅಲ್ಲಿ ಬೇರೆಯಾಗಿ ಕಟ್ಟಿದ್ದ ಗಬ್ಬದ ಕುರಿಗಳನ್ನು ನೋಡಿ ಆ ಮನುಷ್ಯ, “ಇವು ಬಾಗೂರು ಕಡೆ ತಳಿ ಅಲ್ವಾ? ನಿಮ್ಮ ಹೆಂಡ್ರ ತೌರಿನವು ಇರ್ಬೇಕು” ಎಂದ. ಕಾಟಲಿಂಗಪ್ಪ ಬೆರಗಾದ. ನೋಡಿದ ಕೂಡಲೇ ಇಷ್ಟು ಹೇಳಬೇಕಾದರೆ ಇವನು ನನಗಿಂತ ಕುರಿ ಬಲ್ಲವನು ಎಂದು ಅವನ ಮೇಲೆ ಗೌರವವೇ ಬಂತು.

ಆ ಕುರಿಗಳು ನಿಜವಾಗಿ ಅವನ ಹೆಂಡತಿ ಗಂಗಕ್ಕನವು. ಅವರಲ್ಲಿ ಮಗಳಿಗೆ ಮದುವೆಯಲ್ಲಿ ಹೆಣ್ಣುಕುರಿ ಬಳುವಳಿ ಕೊಡುತ್ತಾರೆ. ಆ ಕುರಿ, ಅದರ ಮರಿ, ಮರಿಯ ಮರಿ ಎಲ್ಲ ಅವಳದೇ. ಗಂಡ ಮೇಯಿಸಬಹುದು, ಉಣ್ಣೆ ಕತ್ತರಿಸಬಹುದು. ಅವಳನ್ನು ಕೇಳದೆ ಯಾರಿಗೂ ಕೊಡುವಂತಿಲ್ಲ. ಗಂಗಕ್ಕನ ತಾಯಿ ತೀರಿಹೋಗಿದ್ದಳು. ತಾಯಿಯದು ಅಂತ ಅವಳಿಗೆ ಉಳಿದಿದ್ದು ಆ ಕುರಿಗಳ ಸಂತಾನ ಒಂದೇ. ಆ ಹೊತ್ತು ಗಂಗಕ್ಕ ಶೇಂಗಾ ಹೊಲಕ್ಕೆ ಕಳೆ ತೆಗೆಯಲು ಹೋಗಿದ್ದಳು. ಕೇಳಬೇಕಾದವಳನ್ನು ಕೇಳದೆ ಕಾಟಲಿಂಗಪ್ಪ ಕಣ್ಣಿ ಬಿಚ್ಚಿದ.

ಹೊರಡುವಾಗ ಆ ಮನುಷ್ಯ ದನಿ ತಗ್ಗಿಸಿದ. “ಒಂದು ಮಾತು ಕಣಣ್ಣ. ಲಾರಿಯಾಗೆ ಜಾಗ ಕಮ್ಮಿ. ಹಟ್ಟಿಯೋರಿಗೆಲ್ಲ ಗೊತ್ತಾದ್ರೆ ನಂದೂ ನಂದೂ ಅಂತ ಮೇಲೆ ಬೀಳ್ತಾರೆ. ಕುರಿ ತಿಳಿದೋರು ಅಂತ ನಿಮಗೊಬ್ರಿಗೇ ಹೇಳ್ತಿರೋದು.” ಹೀಗಂದು ಮೊಹರು ಒತ್ತಿದ ಒಂದು ಚೀಟಿ ಕೊಟ್ಟ. ಉಳಿದ ಕುರಿಗಳಿಗೆ ದಿನಾ ನೀರಿನಲ್ಲಿ ಕಲಸಿ ಕುಡಿಸಿ ಎಂದು ಒಂದು ಪೊಟ್ಟಣ ಬಿಳಿ ಪುಡಿಯನ್ನೂ ಕೊಟ್ಟ.

ಅಮಾವಾಸ್ಯೆ ಬಂತು, ಲಾರಿ ಬರಲಿಲ್ಲ. ಇತ್ತ ಪುಡಿ ಕುಡಿದ ಕುರಿಗಳೆಲ್ಲ ಬೇದಿಗೆ ಬಿದ್ದವು. ಕ್ಯಾಂಪಿಗೆ ಕಳಿಸಿದ್ದೇನೆ ಎಂದು ಗಂಡ ಹೇಳಿದಾಗ ಗೊಣಗಿಕೊಂಡೇ ಸುಮ್ಮನಾಗಿದ್ದ ಗಂಗಕ್ಕ ಈಗ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದುರಿಗೆ ನಿಂತಳು.

“ನನ್ನ ಕುರಿ ಎಲ್ಲಿ?”

“ಕ್ಯಾಂಪು ಮುಂದಕ್ಕೆ ಹಾಕ್ಯಾರೆ.”

“ಯಾರು ಹೇಳಿದ್ರು?”

ಕಾಟಲಿಂಗಪ್ಪ ಕಂಬಳಿಯ ದಾರ ಕೀಳುತ್ತಾ ಕೂತ.

“ಯಾರು ಹೇಳಿದ್ರು ಅಂತ ಕೇಳ್ದೆ.”

“ಯಾರೂ ಹೇಳಿಲ್ಲ ಕಣೇ. ಅವನು ಪಂಗನಾಮ ಹಾಕಿ ಹೋಗ್ಯಾನೆ. ನಾನು ಮೋಸ ಹೋದೆ.”

ಗಂಗಕ್ಕ ಇದ್ದಲ್ಲೇ ಕುಸಿದು ಕೂತು ಅತ್ತಳು. “ನಮ್ಮವ್ವ ತನ್ನ ಕೈಯಾಗೆ ಹಿಡ್ದು ಕೊಟ್ಟಿದ್ಲು. ಅವಳ ಮುಖ ಅವುಗಳಾಗೆ ನೋಡ್ಕಂತಿದ್ದೆ” ಎಂದಳು. ಸ್ವಲ್ಪ ಹೊತ್ತಿಗೆ ಕಣ್ಣು ಒರೆಸಿಕೊಂಡು ಎದ್ದಳು. “ನಡಿ, ಹಿರಿಯೂರಿಗೆ ಹೋಗಾಣ. ಸ್ಟೇಷನ್ನಾಗೆ ಹೇಳಾಣ.”

“ಬಾಯಿ ಮುಚ್ಚು! ಕಾಟಲಿಂಗಪ್ಪನಿಗೇ ಚಳ್ಳೆಹಣ್ಣು ತಿನ್ನಿಸಿದ್ರು ಅಂತ ಗೊತ್ತಾದ್ರೆ ಸಂತೆಯಾಗೆ ನಾನು ಮುಖ ತೋರ್ಸಕ್ಕಾಗ್ತೈತಾ? ಕುರಿ ಹೋದ್ವು. ಮಾನನಾದ್ರೂ ಉಳೀಲಿ.” ಹೀಗಂದವನೇ ಆ ಚೀಟಿಯನ್ನೂ ಉಳಿದ ಪುಡಿಯನ್ನೂ ಒಲೆಗೆ ಹಾಕಲು ಎದ್ದ.

ಸರಿಯಾಗಿ ಅದೇ ಹೊತ್ತಿಗೆ ಏಕನಾಥಮ್ಮ ಬಂದರು. ಇವರು ಬ್ಲಾಕ್ ಆಫೀಸಿನ ಗ್ರಾಮಸೇವಿಕೆ, ದುರ್ಗದವರು. ಮಹಿಳಾ ಮಂಡಳಿ ಕೂಡಿಸಲು ಹಟ್ಟಿಗೆ ಬರುತ್ತಿದ್ದರು. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ನಗು. ಯಾರ ಮನೆಯಲ್ಲಾದರೂ ಸರಿ, ಕರೆಯುವ ಮೊದಲೇ ಕೂತುಬಿಡುವ ಹೆಂಗಸು.

“ಇದೇನು ಗಂಗಕ್ಕ, ಕಣ್ಣು ಕೆಂಪಾಗೈತೆ? ಏನಣ್ಣ, ಬೇಸಿಗೆಯಾಗೆ ಒಲೆ ಮುಂದೆ ಚಳಿ ಕಾಯಿಸ್ತಿದೀಯಾ?”

“ಏನಿಲ್ಲ ಅಮ್ಮಾರೆ” ಎಂದ ಕಾಟಲಿಂಗಪ್ಪ.

“ಏನಿಲ್ಲ ಅಂತೆ! ನನ್ನ ಕುರಿ ಕಳ್ಳನ ಪಾಲಾಗ್ಯವೆ” ಎಂದು ಗಂಗಕ್ಕ ನಡೆದಿದ್ದನ್ನೆಲ್ಲ ಹೇಳಿಯೇಬಿಟ್ಟಳು. ಕಾಟಲಿಂಗಪ್ಪ ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದ.

ಏಕನಾಥಮ್ಮ ನಗಲಿಲ್ಲ, ‘ಅಯ್ಯೋ ಪಾಪ’ ಎನ್ನಲೂ ಇಲ್ಲ. ಮೊದಲು ಕೈ ಚಾಚಿದರು. “ಆ ಚೀಟಿ, ಆ ಪೊಟ್ಟಣ ಇಲ್ಲಿ ಕೊಡಪ್ಪ. ಸುಟ್ಟುಗಿಟ್ಟೀಯ! ಅವನು ಬಂದಿದ್ದ ಅನ್ನಕ್ಕೆ ಇರೋ ಸಾಕ್ಷಿ ಇದೊಂದೇ. ಇದನ್ನ ಸುಟ್ರೆ ಕಳ್ಳನಿಗೆ ನೀನೇ ಸಹಾಯ ಮಾಡಿದಂಗೆ. ಈ ಪುಡಿ ಇನ್ನೂ ಕುಡಿಸ್ತಿದೀಯಾ?”

“ಇವತ್ತು ಬೆಳಗ್ಗೇನೂ ಕುಡಿಸ್ದೆ.”

“ಮೊದಲು ನಿಲ್ಸು. ಮೋಸಗಾರ ಅಂತ ಗೊತ್ತಾದ ಮೇಲೂ ಅವನು ಕೊಟ್ಟಿದ್ದನ್ನ ಯಾಕಪ್ಪ ಕುಡಿಸ್ತೀಯ? ಕುಡಿದ ಕುರಿಗಳನ್ನ ಬೇರೆ ಕಟ್ಟು, ಉಳಿದವಕ್ಕೆ ಆ ನೀರು ಮುಟ್ಟಿಸ್ಬ್ಯಾಡ. ಒಂದು ಚಿಟಿಕೆ ಪುಡಿ ದನದ ಆಸ್ಪತ್ರೆಗೆ ತಗಂಡೋಗಾಣ.”

“ಆಸ್ಪತ್ರೆಗೆ ಹೋದ್ರೆ ವಿಷಯ ಹೊರಗೆ ಬೀಳ್ತೈತೆ.”

“ಬೀಳ್ಲಿ. ಬೀಳ್ಬೇಕು. ನೀನು ಏನು ತಪ್ಪು ಮಾಡಿದೀಯ ಅಂತ ಬಚ್ಚಿಡ್ತೀಯ?”

“ನಿಮಗೆ ತಿಳಿಯಲ್ಲ ಅಮ್ಮಾರೆ. ನಾನು ದಡ್ಡ ಅಂತಾರೆ.”

“ದಡ್ಡ ಅಲ್ಲಪ್ಪ. ದಡ್ಡನಿಗೆ ಅವನು ಬೇರೆ ಥರ ಹಾಕ್ತಿದ್ದ. ನಿನಗೆ ಕುರಿ ಬಲ್ಲೆ ಅನ್ನೋ ಜಂಬ ಐತೆ, ಅದನ್ನ ಕೆರೆದ. ನಿಮ್ಮ ಕಟ್ಟಳೆ ತಿಳ್ಕಂಡು ಬಂದು ಚಪ್ಪಲಿ ಬಿಟ್ಟ. ಯಾರಿಗೂ ಹೇಳ್ಬ್ಯಾಡ ಅಂದ. ಸರ್ಕಾರದ ಕ್ಯಾಂಪು ಅಂದ್ರೆ ತಮಟೆ ಹೊಡ್ಸಿ ಹೇಳ್ತಾರೆ, ಯಾರಾದ್ರೂ ಪಿಸುಮಾತಾಗೆ ಹೇಳ್ತಾರಾ? ಇರ್ಲಿ, ಅದು ಆಗೋತು. ಈಗ ಏನು ಮಾಡ್ತೀಯ ಅನ್ನೋದಷ್ಟೇ ನಿನ್ನ ಕೈಯಾಗೈತೆ.”

“ಪೊಲೀಸ್ನೋರು ನಮ್ಮನ್ನೇ ಗದರಿಸ್ತಾರೆ. ಕುರಿ ಇಷ್ಟೊತ್ತಿಗೆ ಕಟುಕರ ಪಾಲಾಗಿರ್ತವೆ.”

“ಗಬ್ಬದ ಕುರಿ ಕಡಿಯಕ್ಕೆ ಯಾರು ಕೊಳ್ತಾರೆ? ನೀನು ಕುರಿ ಬಲ್ಲೋನು, ನೀನೇ ಹೇಳು.”

ಕಾಟಲಿಂಗಪ್ಪ ಮೊದಲ ಸಲ ತಿರುಗಿ ಕೂತ. ಕುರಿಯ ಮಾತು ಬಂದರೆ ಅವನು ಸುಮ್ಮನಿರಲಾರ. “ಕಡಿಯಲ್ಲ. ಸಾಕೋರಿಗೆ ಮಾರ್ತಾರೆ. ಮರಿ ಹಾಕೋಕೆ ಮುಂಚೆ ಮಾರಿದ್ರೆ ಒಳ್ಳೆ ರೇಟು. ನಮ್ಮ ಕಡೆ ಸಂತೆಯಾಗೆ ಮಾರಲ್ಲ, ಗುರುತು ಸಿಗ್ತವೆ. ದೂರ ಹೋಗ್ಬೇಕು.”

“ಅಂದ್ರೆ ಇನ್ನೂ ಅವೆ, ಎಲ್ಲೋ ಅವೆ. ತಡ ಮಾಡಿದಷ್ಟೂ ದೂರ ಹೋಗ್ತವೆ. ಏಳು.”

ಅವನು ಏಳಲಿಲ್ಲ. ಅಷ್ಟರಲ್ಲಿ ಬೇಲಿಯ ಹೊರಗಿನಿಂದ ಯಾರೋ ಕೂಗಿದರು. ಯಲ್ಲದಕೆರೆ ಬಸ್‌ಸ್ಟಾಪಿನಲ್ಲಿ ಬೀಡಿ ಸೇದುತ್ತಾ ಕೂರುವ ಕುರಿ ದಲ್ಲಾಳಿ ಸಣ್ಣಪ್ಪ. ಕಾಟಲಿಂಗಪ್ಪ ಹೊರಗೆ ಹೋದ. ಬಾಗಿಲಲ್ಲಿ ನಿಂತ ಹೆಂಗಸರಿಬ್ಬರಿಗೂ ಮಾತು ಕೇಳಿಸುತ್ತಿತ್ತು.

“ಕಾಟಲಿಂಗಣ್ಣ, ನಿನ್ನ ಕುರಿ ವಿಷಯ ತಿಳೀತು, ಹೊಟ್ಟೆ ಉರೀತು. ನಂಗೆ ಆ ಕಡೆ ಜನ ಗೊತ್ತವರೆ. ನಿನ್ನ ದೊಡ್ಡ ಟಗರು ಕೊಡು. ಅದನ್ನ ಅವರಿಗೆ ಮುಟ್ಟಿಸಿ ಕುರಿ ಬಿಡಿಸ್ಕಂಡು ಬರ್ತೀನಿ. ಪೊಲೀಸು ಗಿಲೀಸು ಅಂತ ಹೋದೀಯ, ಆಮೇಲೆ ಚರ್ಮನೂ ಸಿಗಲ್ಲ.”

ಕಾಟಲಿಂಗಪ್ಪನಿಗೆ ಆಸೆ ಹುಟ್ಟಿತು. ಊರಿಗೆ ಗೊತ್ತಾಗದಂತೆ ಕುರಿ ಮರಳಿ ಬಂದರೆ ಇನ್ನೇನು ಬೇಕು? ಟಗರಿನ ಹಗ್ಗಕ್ಕೆ ಕೈ ಹಾಕಿದ. ಗಂಗಕ್ಕ ಕೂಗಲು ಬಾಯಿ ತೆರೆದಳು. ಅಷ್ಟರಲ್ಲಿ ಅವನ ಕೈ ತಾನಾಗಿಯೇ ನಿಂತಿತು.

“ಲೇ ಸಣ್ಣಪ್ಪ, ನಾನು ಈ ವಿಷಯ ಯಾರಿಗೂ ಹೇಳಿಲ್ಲ. ಹೆಂಡ್ತಿಗೆ ಹೇಳಿದ್ದೇ ಈಗ. ನಿನಗೆ ಹೆಂಗೆ ಗೊತ್ತಾತು?”

ಸಣ್ಣಪ್ಪನ ಬಾಯಲ್ಲಿದ್ದ ಬೀಡಿ ಕೆಳಗೆ ಬಿತ್ತು. “ಅದೂ... ಜನ ಅಂತಿದ್ರು...”

“ಯಾವ ಜನ?”

ಸಣ್ಣಪ್ಪ ಹಿಂದೆ ಹಿಂದೆ ಸರಿದು ಹೊರಟೇಬಿಟ್ಟ. ಕಾಟಲಿಂಗಪ್ಪ ಕುರಿ ಕಾಯುವ ಕೋಲು ಹಿಡಿದು ಅಟ್ಟಿಸಿಕೊಂಡು ಹೋಗುವವನಿದ್ದ. ಏಕನಾಥಮ್ಮ ಅಡ್ಡ ನಿಂತರು. “ಹೊಡೀಬ್ಯಾಡ. ನೀನು ಹೊಡೆದ್ರೆ ಕೇಸು ನಿನ್ನ ಮೇಲಾಗ್ತೈತೆ. ಅವನ ಹೆಸರು, ಆಡಿದ ಮಾತು ಮರೀದಂಗೆ ಇಟ್ಕ, ಠಾಣೆಯಾಗೆ ಹೇಳು. ನೋಡ್ದಾ, ಒಂದು ಸಲ ಮೋಸ ಹೋದೋರ ಮನೆಗೆ ಬಿಡಿಸಿಕೊಡ್ತೀನಿ ಅಂತ ಎರಡನೇ ಮೋಸಗಾರ ಬರ್ತಾನೆ. ಯಾರಿಗೂ ಹೇಳ್ದೆ ಕುಂತೋರೇ ಅವನಿಗೆ ಬೇಕಾಗಿರೋದು.”

ಕಾಟಲಿಂಗಪ್ಪ ಕೋಲು ಕೆಳಗಿಟ್ಟ. ಆಮೇಲೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು, “ಗಂಗಾ, ನಡಿ. ಬಸ್ಸಿಗೆ ಹೊತ್ತಾತು” ಎಂದ.

ಹಿರಿಯೂರಿನ ದನದ ಆಸ್ಪತ್ರೆಯ ಡಾಕ್ಟರು ಪುಡಿ ನೋಡಿ ತಲೆ ಆಡಿಸಿದರು. ಅಂಥ ಕ್ಯಾಂಪೇ ನಡೆದಿರಲಿಲ್ಲ. ಪುಡಿಯಲ್ಲಿ ಇದ್ದದ್ದು ಹಿಟ್ಟು ಮತ್ತು ಬಟ್ಟೆ ಒಗೆಯುವ ಸೋಡಾ. “ಕುರಿಗೆ ಬೇದಿ ಹತ್ತಿದ್ರೆ ನೀನು ಹಟ್ಟಿ ಬಿಟ್ಟು ಕದಲಲ್ಲ, ಅಷ್ಟರಾಗೆ ತಾನು ದೂರ ಹೋಗಬಹುದು, ಅದ್ಕೇ ಕೊಟ್ಟವ್ನೆ” ಎಂದು ಹೇಳಿ ಬೇರೆ ಔಷಧಿ ಕೊಟ್ಟರು. ಗದರಿಸುತ್ತಾರೆ ಎಂದುಕೊಂಡೇ ಕಾಟಲಿಂಗಪ್ಪ ಠಾಣೆಯ ಮೆಟ್ಟಿಲು ಹತ್ತಿದ. ಆದರೆ ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಓಬಳೇಶಪ್ಪ ಬೆಂಚು ತೋರಿಸಿ, “ಕುಂತ್ಕಳ್ರಿ. ನಿಧಾನಕ್ಕೆ ಮೊದಲಿಂದ ಹೇಳ್ರಿ” ಎಂದರು.

“ಕುರಿ ಗುರುತು ಹೇಳ್ತೀರಾ? ಎಲ್ಲಾ ಕುರಿ ಒಂದೇ ಥರ ಕಾಣ್ತವೆ ನಮಗೆ.”

ಅಷ್ಟು ಕೇಳಿದ್ದೇ ತಡ, ಕಾಟಲಿಂಗಪ್ಪನಿಗೆ ಜೀವ ಬಂತು. ಎಡಗಿವಿಯಲ್ಲಿ ಅರ್ಧಚಂದ್ರದ ಕಚ್ಚು ತಮ್ಮ ಮನೆಯ ಗುರುತು ಎಂದ. ಯಾವುದರ ಮೂತಿ ಕಪ್ಪು, ಯಾವುದರ ಮುಂಗಾಲು ಬಿಳಿ, ಯಾವುದಕ್ಕೆ ಹಲ್ಲು ಬಿದ್ದಿದೆ, ಯಾವುದು ಮೊದಲು ಮರಿ ಹಾಕುತ್ತದೆ ಎಂದು ಒಂದೊಂದಾಗಿ ಹೇಳಿದ. ಆ ಮನುಷ್ಯನ ಚಹರೆ, ಅವನ ಚೀಲ, ಅವನ ಮಾತಿನ ರೀತಿ, ಸಣ್ಣಪ್ಪನ ಕಥೆ ಯಾವುದನ್ನೂ ಬಿಡಲಿಲ್ಲ. ತಾನು ಒಪ್ಪಿ ಕಣ್ಣಿ ಬಿಚ್ಚಿಕೊಟ್ಟೆ ಎನ್ನುವುದನ್ನೂ ಮುಚ್ಚಿಡಲಿಲ್ಲ. ಓಬಳೇಶಪ್ಪ ಎಲ್ಲ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರು. ಹೊಸದುರ್ಗ, ಹೊಳಲ್ಕೆರೆ ಠಾಣೆಗಳಿಗೆ ಸುದ್ದಿ ಮುಟ್ಟಿಸಿದರು. “ನೀವೂ ಸುಮ್ನೆ ಕೂರ್ಬ್ಯಾಡ್ರಿ. ಆ ಕಡೆ ನೆಂಟರಿದ್ರೆ ಹೇಳಿ, ಸಂತೆಗಳ ಮೇಲೆ ಕಣ್ಣಿಡ್ಲಿ” ಎಂದರು.

ಆ ಕಡೆ ನೆಂಟ ಎಂದರೆ ಬಾಗೂರಿನಲ್ಲಿದ್ದ ಗಂಗಕ್ಕನ ಸ್ವಂತ ಅಣ್ಣ ಚಿತ್ತಯ್ಯ. ಏಕನಾಥಮ್ಮ ಹಟ್ಟಿಯ ಕುರಿಗಳಿಗೆ ಔಷಧಿ ಕುಡಿಸುವ ಹೊಣೆ ಹೊತ್ತರು. ಗಂಡಹೆಂಡಿರು ಹೊಸದುರ್ಗದ ಬಸ್ಸು ಹತ್ತಿದರು.

ಚಿತ್ತಯ್ಯ ತಂಗಿಯನ್ನು ಕಂಡು ಸಂತೋಷದಿಂದಲೇ ಎದ್ದು ಬಂದ. ಕಾಟಲಿಂಗಪ್ಪ ಕಥೆ ಶುರು ಮಾಡಿದ. ಖಾಕಿ ಪ್ಯಾಂಟು, ಚರ್ಮದ ಚೀಲ, ಬೇಲಿಯ ಹೊರಗೆ ಬಿಟ್ಟ ಚಪ್ಪಲಿ ಎನ್ನುತ್ತಿದ್ದಂತೆ ಚಿತ್ತಯ್ಯನ ಮುಖ ಬಿಳುಚಿಕೊಂಡಿತು.

“ಏನು ಭಾವ, ಮೈಗೆ ಹುಷಾರಿಲ್ವಾ?”

ಚಿತ್ತಯ್ಯ ತಲೆ ಎತ್ತದೆ ಹೇಳಿದ. “ಯುಗಾದಿಗೆ ಮುಂಚೆ ನನ್ನ ಹತ್ರಾನೂ ಬಂದಿದ್ದ.”

“ನಿನ್ನ ಕುರೀನ ತೋಳ ಹಿಡೀತು ಅಂತ ಹೇಳಿ ಕಳಿಸಿದ್ಯಲ್ಲ ಅಣ್ಣ?” ಎಂದಳು ಗಂಗಕ್ಕ.

“ತೋಳ ಅಲ್ಲವ್ವ. ಅವನೇ. ನಾಚಿಕೆಯಾಗಿ ಹಂಗಂದೆ. ಅವನಿಗೆ ಹಾಲು ಕಾಸಿ ಕೊಟ್ಟು, ನನ್ನ ತಂಗೀನ ಯಲ್ಲದಕೆರೆ ಕಡೆ ಕೊಟ್ಟೀವಿ, ಅವಳ ಹತ್ರಾನೂ ನಮ್ಮ ತಳಿ ಅವೆ, ಭಾವ ಕುರಿ ಬಲ್ಲೋನು ಅಂತ ನಾನೇ ಬಾಯಿ ಬಿಟ್ಟಿದ್ದೆ. ನಮ್ಮ ಕಟ್ಟಳೆನೂ ನಾನೇ ಹೇಳಿಕೊಟ್ಟೆ.”

ಕಾಟಲಿಂಗಪ್ಪನಿಗೆ ಈಗ ತಿಳಿಯಿತು, ‘ಬಾಗೂರು ಕಡೆ ತಳಿ’ ಎಂದು ಆ ಮನುಷ್ಯ ಹೇಗೆ ಹೇಳಿದ ಎಂದು. ಅವನಿಗೆ ತಡೆಯಲಾಗದಷ್ಟು ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು. “ಭಾವ, ಒಂದು ಮಾತು ಹೇಳಿ ಕಳಿಸಿದ್ರೆ ಸಾಕಿತ್ತಲ್ಲ. ಹಿಂಗೊಬ್ಬ ಬರ್ತಾನೆ, ಹುಷಾರು ಅಂತ ಒಂದೇ ಮಾತು. ನಿನ್ನ ತಂಗಿ ಕುರಿ ರೊಪ್ಪದಾಗೆ ಇರ್ತಿದ್ವು.”

ಹೇಳಿದ ಮೇಲೆ ಅವನು ತಾನೇ ಬೆಚ್ಚಿದ. ಮೊನ್ನೆ ಚೀಟಿ ಹಿಡಿದು ಒಲೆಯ ಹತ್ತಿರ ನಿಂತಿದ್ದವನು ಯಾರು? ತಾನೂ ಬಾಯಿ ಮುಚ್ಚಿಕೊಂಡಿದ್ದರೆ ಆ ಕಳ್ಳ ಇಷ್ಟೊತ್ತಿಗೆ ಇನ್ನೊಂದು ಹಟ್ಟಿಯ ಬೇಲಿಯ ಹೊರಗೆ ಚಪ್ಪಲಿ ಬಿಡುತ್ತಿದ್ದ.

ಚಿತ್ತಯ್ಯ ಕಣ್ಣೊರೆಸಿಕೊಂಡ. “ಇನ್ನೊಂದು ಐತೆ. ನನ್ನ ಕುರೀನ ಹೊಳಲ್ಕೆರೆ ಸಂತೆಯಾಗೆ ಕಂಡೆ ಅಂತ ತಾಳ್ಯದ ಕಡೆಯೋನು ಒಬ್ಬ ಆವಾಗ್ಲೇ ಹೇಳಿದ್ದ. ಹೋಗಿ ಕೇಳಿದ್ರೆ ಮೋಸ ಹೋಗಿದ್ದು ಗೊತ್ತಾಗ್ತೈತೆ ಅಂತ ಹೋಗ್ಲಿಲ್ಲ.”

“ಈಗ ಹೋಗಾಣ. ನೀನೂ ಬಾ. ಅವನ ಮುಖ ನಾವಿಬ್ರೂ ನೋಡೀವಿ” ಎಂದ ಕಾಟಲಿಂಗಪ್ಪ.

ಸಂತೆಯ ದಿನ ಮೂವರೂ ಮೊದಲು ಹೊಳಲ್ಕೆರೆ ಠಾಣೆಗೆ ಹೋದರು. ಹಿರಿಯೂರಿನಿಂದ ಸುದ್ದಿ ಬಂದಿದ್ದರಿಂದ ಮೊದಲಿಂದ ಕಥೆ ಹೇಳುವ ಕೆಲಸವಿರಲಿಲ್ಲ. ಒಬ್ಬ ಪೇದೆ ಜೊತೆಗೆ ಬಂದ. ಸಂತೆಯ ಒಂದು ಮೂಲೆಯಲ್ಲಿ, ಗಾಡಿಗಳ ಮರೆಯಲ್ಲಿ ಒಂದಷ್ಟು ಗಬ್ಬದ ಕುರಿಗಳನ್ನು ಕಟ್ಟಿದ್ದರು. ಕಾಟಲಿಂಗಪ್ಪ ಹತ್ತಿರ ಹೋಗಿ ಕಿವಿ ನೋಡಿದ. ಅರ್ಧಚಂದ್ರದ ಕಚ್ಚು ಕಾಣಲಿಲ್ಲ. ಕಿವಿಯ ತುದಿಯನ್ನೇ ಕತ್ತರಿಸಿ ಹಾಕಿದ್ದರು, ಗಾಯ ಇನ್ನೂ ಮಾಗಿರಲಿಲ್ಲ.

ಮಾರಲು ನಿಂತಿದ್ದವನು ಬೇರೊಬ್ಬ. ಅವನು ಜೋರು ಮಾಡಿದ. “ಏನ್ರೀ ಇದು, ಮರಿಯಿಂದ ಸಾಕಿದ ಕುರಿ ಸ್ವಾಮಿ ಇವು! ಇವರ ಗುರುತು ಎಲ್ಲೈತೆ? ತೋರಿಸ್ಲಿ!”

ಪೇದೆ ಗೊಂದಲದಲ್ಲಿ ಬಿದ್ದ. ಆಗ ಗಂಗಕ್ಕ ಮುಂದೆ ಬಂದಳು. “ಸ್ವಾಮಿ, ಹಗ್ಗ ಬಿಚ್ಚಿಸ್ರಿ. ಮರಿಯಿಂದ ಸಾಕಿದೋನು ಇವನಾದ್ರೆ ಇವನು ಕರೀಲಿ. ಆಮೇಲೆ ನಾನು ಕರೀತೀನಿ.”

ಹಗ್ಗ ಬಿಚ್ಚಿದರು. ಮಾರುವವನು ಉಸ್ ಉಸ್ ಎಂದ, ಬಾ ಬಾ ಎಂದ. ಕುರಿಗಳು ಕಾಲಡಿಯ ಹುಲ್ಲು ಮೂಸುತ್ತಾ ನಿಂತವು. ಗಂಗಕ್ಕ ಗಾಡಿಯ ಆಚೆ, ಕುರಿಗಳಿಗೆ ಕಾಣದ ಕಡೆ ಹೋಗಿ ನಿಂತಳು. ದಿನಾ ಕರೆಯುವ ಹಾಗೇ ಕರೆದಳು.

“ಕರಿಮೂತೀ... ಬಾರೇ ನನ್ನವ್ವ... ಬಿಳಿಗಾಲೀ...”

ಒಂದು ಕುರಿ ತಲೆ ಎತ್ತಿತು. ಆಮೇಲೆ ಎಲ್ಲವೂ ಒಟ್ಟಿಗೆ ಅರಚಿಕೊಂಡು, ಮೆಣಸಿನಕಾಯಿ ರಾಶಿ ತುಳಿದು, ಜನರ ಕಾಲಡಿ ನುಗ್ಗಿ ಗಾಡಿಯ ಆಚೆ ಓಡಿದವು. ಹಿಂದೆ, ಅಷ್ಟರಲ್ಲಿ ಹುಟ್ಟಿದ್ದ ಒಂದು ಎಳೆಯ ಮರಿ ತಡವರಿಸುತ್ತಾ ಹೋಯಿತು. ಗಂಗಕ್ಕ ನೆಲದ ಮೇಲೆ ಕೂತು ಕುರಿಗಳನ್ನು ತಬ್ಬಿಕೊಂಡಳು. ಸಂತೆಗೆ ಸಂತೆಯೇ ನೋಡುತ್ತಿದೆ ಎಂಬುದು ಅವಳ ಗಮನಕ್ಕೇ ಬರಲಿಲ್ಲ.

“ಇನ್ನೇನಯ್ಯ ಗುರುತು ಬೇಕು?” ಎಂದು ಪೇದೆ ಮಾರುವವನ ರಟ್ಟೆ ಹಿಡಿದ. ಅಷ್ಟರಲ್ಲಿ ಚಿತ್ತಯ್ಯ ಲಾರಿಯ ಹತ್ತಿರದಿಂದ ಕೂಗಿದ. “ಇಲ್ಲಿ ಅವ್ನೆ! ನನಗೆ ಮೋಸ ಮಾಡಿದೋನು ಇವನೇ! ಹಿಡೀರಿ!” ಇಷ್ಟು ದಿನ ತೋಳದ ಕಥೆ ಹೇಳಿದ್ದ ಚಿತ್ತಯ್ಯ ನಡುಸಂತೆಯಲ್ಲಿ ಗಂಟಲು ಹರಿಯುವಂತೆ ಕೂಗಿದ. ಜನ ಸುತ್ತುವರಿದರು. ಚರ್ಮದ ಚೀಲದವನು ಲಾರಿ ಹತ್ತಲು ಆಗಲೇ ಇಲ್ಲ. ಠಾಣೆಯಲ್ಲಿ ಅವನು ಬಾಯಿ ಬಿಟ್ಟ ಮೇಲೆ ಸಣ್ಣಪ್ಪನ ಪಾಲೂ ಹೊರಗೆ ಬಂತು.

ಎಲ್ಲವೂ ಸಿಕ್ಕಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಗಂಗಕ್ಕನ ಒಂದು ಕುರಿ ಅಷ್ಟರಲ್ಲೇ ಮಾರಾಟವಾಗಿತ್ತು. ಉಳಿದವನ್ನು ಬಿಡಿಸಿಕೊಳ್ಳಲು ಠಾಣೆ, ಕೋರ್ಟು ಎಂದು ಸ್ವಲ್ಪ ಅಲೆಯಬೇಕಾಯಿತು. ಚಿತ್ತಯ್ಯನ ಕುರಿಗಳ ಸುಳಿವು ಮಾತ್ರ ಸಿಗಲೇ ಇಲ್ಲ. ಕೊಂಡವರು ಯಾರು, ಯಾವ ಊರಿಗೆ ಹೊಡೆದುಕೊಂಡು ಹೋದರು ಎಂದು ಹೇಳುವವರೇ ಇರಲಿಲ್ಲ.

ಕಳ್ಳ ಸಿಕ್ಕ ದಿನವೇ, ಆ ಸಂತೆಯಲ್ಲೇ ಕಾಟಲಿಂಗಪ್ಪ ಒಂದು ಗಾಡಿಯ ಮೂಕಿಯ ಮೇಲೆ ಹತ್ತಿ ನಿಂತ. “ಕೇಳ್ರಪ್ಪ! ನಾನು ಯಲ್ಲದಕೆರೆ ಕಡೆ ಕಾಟಲಿಂಗಪ್ಪ. ಕುರಿ ಬಲ್ಲೆ ಅಂತ ಮೆರೀತಿದ್ದೆ. ಒಬ್ಬ ಬಂದು ನನ್ನ ಕೈಯಿಂದಲೇ ಕುರಿ ಬಿಚ್ಚಿಸ್ಕಂಡು ಹೋದ” ಎಂದು ಶುರು ಮಾಡಿ ಪುಡಿ, ಚೀಟಿ, ದಲ್ಲಾಳಿ ಎಲ್ಲವನ್ನೂ ಹೇಳಿದ. ಗುಂಪಿನಲ್ಲಿ ಒಬ್ಬ ಕಿಸಕ್ಕನೆ ನಕ್ಕ.

“ನಗಪ್ಪ, ಚೆನ್ನಾಗಿ ನಗು” ಎಂದ ಕಾಟಲಿಂಗಪ್ಪ. “ನಕ್ಕು ಮುಗಿದ ಮೇಲೆ ಮನೆಗೆ ಹೋಗಿ ನಿಮ್ಮ ಅಣ್ಣತಮ್ಮಂದಿರಿಗೆ ಇದನ್ನ ಹೇಳು. ಅಷ್ಟು ಮಾಡಿದ್ರೆ ಸಾಕು.”

ಸಂಜೆ ಬಸ್ಸಿಗೆ ಕಾಯುವಾಗ ಚಿತ್ತಯ್ಯ ದೂರ ಕೂತಿದ್ದ. ಗಂಗಕ್ಕ ಹೋಗಿ ಪಕ್ಕದಲ್ಲಿ ಕೂತಳು. “ಅಣ್ಣ, ಅವ್ವ ನಮ್ಮಿಬ್ರಿಗೂ ಒಂದೇ ಮಂದೆಯಿಂದ ಕುರಿ ಕೊಟ್ಟಿದ್ಲು. ನನ್ನವು ಸಿಕ್ಕಿದ್ವು, ನಿನ್ನವು ಸಿಗ್ಲಿಲ್ಲ. ಅವ್ವ ಇದ್ದಿದ್ರೆ ಯಾಕೆ ಅಂತ ಕೇಳ್ತಿದ್ಲು.”

“ಗೊತ್ತವ್ವ” ಎಂದ ಚಿತ್ತಯ್ಯ. “ಅವನು ಕದ್ದಿದ್ದು ಒಂದೇ ದಿನ. ಆಮೇಲೆ ಆ ಕಳ್ಳನ್ನ ಅಷ್ಟು ದಿನ ಕಾಪಾಡ್ದೋನು ನಾನು.”

ಓದುತ್ತಿರುವ ಅಕ್ಕಂದಿರೆ, ಅಣ್ಣಂದಿರೆ, ನಿಮ್ಮಲ್ಲಿ ಯಾರಾದರೂ ಒಬ್ಬರು ಈಗಲೂ ತೋಳದ ಕಥೆ ಹೇಳಿಕೊಂಡು ಕೂತಿರಬಹುದು. ಎದ್ದೇಳಿ. ಮೋಸಗಾರ ಕೊಟ್ಟಿದ್ದನ್ನು ಬಳಸುವುದು ಈಗಲೇ ನಿಲ್ಲಿಸಿ, ಆದರೆ ಎಸೆಯಬೇಡಿ, ಸುಡಬೇಡಿ, ಎತ್ತಿಡಿ. ಮನೆಯವರಿಗೆ ಹೇಳಿ. ಇವತ್ತೇ ಠಾಣೆಗೆ ಹೋಗಿ ನಡೆದದ್ದನ್ನು ನಡೆದ ಹಾಗೇ ಬರೆಸಿ. ಬಿಡಿಸಿಕೊಡುತ್ತೇನೆ, ಅದಕ್ಕೆ ಇಷ್ಟು ಕೊಡು ಎಂದು ಬರುವವನಿಗೆ ಏನೂ ಕೊಡಬೇಡಿ, ಅವನ ಹೆಸರನ್ನೂ ಬರೆಸಿ. ನೆಂಟರಿಗೆ, ನೆರೆಯವರಿಗೆ ಸುದ್ದಿ ಮುಟ್ಟಿಸಿ. ತಡವಾಗಿದೆ ಅನ್ನಿಸಿದರೂ ಹೇಳಿ. ಚಿತ್ತಯ್ಯ ತಡವಾಗಿ ಹೇಳಿದ ಮಾತೇ ಅವನ ತಂಗಿಯ ಕುರಿಗಳ ದಾರಿ ತೋರಿಸಿತು. ನಾಚಿಕೆಪಡಬೇಕಾದವನು ಕದ್ದವನು, ನೀವಲ್ಲ. ಅವನು ನಾಳೆ ಹೋಗುವ ಮನೆ ನಿಮ್ಮ ತಂಗಿಯದೇ ಆಗಿರಬಹುದು. ಅವನಿಗಿಂತ ಮೊದಲು ನಿಮ್ಮ ಮಾತು ಅಲ್ಲಿಗೆ ತಲುಪಲಿ.